ಸಣ್ಣ ಊರಿನಲ್ಲಿ ಇವಿ (ವಿದ್ಯುತ್ ವಾಹನ) ಚಾರ್ಜಿಂಗ್: ಮ್ಯಾಪಿನ ಚುಕ್ಕಿ ನಂಬಿ ಹೊರಡುವ ಮುನ್ನ

ನಗರದಲ್ಲಿ ಒಂದು ಚಾರ್ಜರ್ ಕೆಟ್ಟಿದ್ದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ಸಿಗುತ್ತದೆ. ಹತ್ತು ನಿಮಿಷ ಹಾಳಾಯಿತು, ಅಷ್ಟೇ. ಸಣ್ಣ ಊರಿನಲ್ಲಿ ಇರುವುದೇ ಒಂದೋ ಎರಡೋ. ಅದು ನಿಂತಿದ್ದರೆ ಮುಂದಿನದು ನಲವತ್ತೈದು ಕಿಲೋಮೀಟರ್ ಆಚೆ, ಗಾಡಿಯಲ್ಲಿ ಉಳಿದಿರುವುದು ಶೇ 9. ಇಂಥ ಊರುಗಳನ್ನು ಹಾದುಹೋಗುವವರು, ಅಲ್ಲೇ ರಾತ್ರಿ ತಂಗುವವರು ಒಂದು ನಿಯಮ ಇಟ್ಟುಕೊಳ್ಳಬೇಕು: ಆ ಊರಿನ ಚಾರ್ಜರ್ ಕೆಲಸ ಮಾಡದಿದ್ದರೂ ಮುಂದಿನದನ್ನು ಮುಟ್ಟುವಷ್ಟು ಬ್ಯಾಟರಿ ಉಳಿಸಿಕೊಂಡೇ ಅಲ್ಲಿಗೆ ತಲುಪಬೇಕು. ಕೆಳಗಿನ ಹಂತಗಳೆಲ್ಲ ಈ ನಿಯಮವನ್ನು ಲೆಕ್ಕಕ್ಕೆ ಇಳಿಸುವುದಕ್ಕಾಗಿ.

1. ಮೊದಲು ಪ್ಲಗ್ ನೋಡಿ

ಪ್ಲಗ್‌ಶೇರ್, ಓಪನ್ ಚಾರ್ಜ್ ಮ್ಯಾಪ್, ಗೂಗಲ್ ಮ್ಯಾಪ್, ಚಾರ್ಜರ್ ನಡೆಸುವ ಕಂಪನಿಯ ಆ್ಯಪ್ ಎಲ್ಲವೂ ಚುಕ್ಕಿ ತೋರಿಸುತ್ತವೆ. ಚುಕ್ಕಿಯನ್ನು ಒತ್ತಿ ಒಳಗೆ ಹೋಗಿ ಕನೆಕ್ಟರ್ ಯಾವುದೆಂದು ನೋಡದೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಯುರೋಪ್ ಮತ್ತು ಭಾರತದ ಈಗಿನ ಕಾರುಗಳಿಗೆ ಎಸಿಗೆ, ಅಂದರೆ ನಿಧಾನದ ಚಾರ್ಜಿಂಗ್‌ಗೆ, ಟೈಪ್ 2; ಡಿಸಿಗೆ, ಅಂದರೆ ವೇಗದ ಚಾರ್ಜಿಂಗ್‌ಗೆ, ಸಿಸಿಎಸ್2. ಉತ್ತರ ಅಮೆರಿಕದಲ್ಲಿ ಸಿಸಿಎಸ್1 ಮತ್ತು ಎನ್‌ಎಸಿಎಸ್, ಜಪಾನಿನಲ್ಲಿ ಚಾಡೆಮೊ, ಚೀನಾದಲ್ಲಿ ಜಿಬಿ/ಟಿ. ಭಾರತದಲ್ಲಿ ಆರಂಭದ ವರ್ಷಗಳಲ್ಲಿ ಹಾಕಿದ ‘ಭಾರತ್ ಡಿಸಿ-001’ ಯಂತ್ರಗಳು ಮ್ಯಾಪಿನಲ್ಲಿ ‘ಡಿಸಿ ಫಾಸ್ಟ್ ಚಾರ್ಜರ್’ ಎಂದೇ ಕಾಣಿಸುತ್ತವೆ. ಆದರೆ ಅವುಗಳ ಗನ್ (ಕೇಬಲ್ಲಿನ ತುದಿಯಲ್ಲಿ ಗಾಡಿಗೆ ಹಾಕುವ ಪ್ಲಗ್) ಜಿಬಿ/ಟಿ, ಗರಿಷ್ಠ ಶಕ್ತಿ 15 ಕಿಲೋವ್ಯಾಟ್, ವೋಲ್ಟೇಜ್ ನೂರರೊಳಗೆ. ಈಗಿನ 300–400 ವೋಲ್ಟ್ ಬ್ಯಾಟರಿಯ ಕಾರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಇನ್ನೊಂದು ಸಂಗತಿ ಕೇಬಲ್. ಡಿಸಿ ಯಂತ್ರಕ್ಕೆ ಕೇಬಲ್ ಕಟ್ಟಿಯೇ ಇರುತ್ತದೆ. ಎಸಿ ಕಂಬಗಳಲ್ಲಿ ಹಲವಕ್ಕೆ ಬರೀ ಸಾಕೆಟ್ ಇರುತ್ತದೆ, ಕೇಬಲ್ ನೀವೇ ತರಬೇಕು. ಫೋಟೋ ನೋಡಿದರೆ ಗೊತ್ತಾಗುತ್ತದೆ: ಕಂಬದಿಂದ ಕೇಬಲ್ ತೂಗುತ್ತಿಲ್ಲ, ಮುಚ್ಚಳವಿರುವ ದುಂಡು ಸಾಕೆಟ್ ಮಾತ್ರ ಇದೆ ಎಂದರೆ ಡಿಕ್ಕಿಯಲ್ಲಿ ಟೈಪ್ 2 ಕೇಬಲ್ ಇರಲೇಬೇಕು.

2. ಬೋರ್ಡಿನ ಕಿಲೋವ್ಯಾಟ್ ಬೇರೆ, ಗಾಡಿಗೆ ಇಳಿಯುವ ಕಿಲೋವ್ಯಾಟ್ ಬೇರೆ

ಹೆಚ್ಚು ಜನ ಮೋಸಹೋಗುವುದು ಇಲ್ಲಿ. ಎಸಿ ಚಾರ್ಜಿಂಗ್‌ನಲ್ಲಿ ಕಂಬದೊಳಗೆ ಚಾರ್ಜರ್ ಇರುವುದಿಲ್ಲ. ಕಂಬ ಕರೆಂಟನ್ನು ಸುರಕ್ಷಿತವಾಗಿ ದಾಟಿಸುವ ಸ್ವಿಚ್ ಅಷ್ಟೇ. ಎಸಿಯನ್ನು ಡಿಸಿ ಮಾಡುವ ಯಂತ್ರ ಗಾಡಿಯೊಳಗಿದೆ, ಅದರ ಮಿತಿಯೇ ನಿಮ್ಮ ಮಿತಿ. 7.2 ಕಿಲೋವ್ಯಾಟ್ ಆನ್‌ಬೋರ್ಡ್ ಚಾರ್ಜರ್ ಇರುವ ಗಾಡಿ 22 ಕಿಲೋವ್ಯಾಟ್ ಕಂಬದಲ್ಲೂ 7.2ನ್ನೇ ಎಳೆಯುತ್ತದೆ. ಇದು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು 11 ಕಿಲೋವ್ಯಾಟ್ ಕಂಬದ ಕಥೆ. ಆ 11 ಬರುವುದು ಮೂರು ಫೇಸ್‌ಗಳಲ್ಲಿ, ಒಂದೊಂದರಲ್ಲಿ 16 ಆಂಪ್ಸ್ ಲೆಕ್ಕದಲ್ಲಿ. ನಿಮ್ಮ ಗಾಡಿ ಸಿಂಗಲ್ ಫೇಸ್ ಆದರೆ ಅದಕ್ಕೆ ಸಿಗುವುದು ಒಂದೇ ಫೇಸಿನ 16 ಆಂಪ್ಸ್, ಅಂದರೆ ಸುಮಾರು 3.7 ಕಿಲೋವ್ಯಾಟ್. ‘11’ ಎಂದು ನೋಡಿ ನಾಲ್ಕು ಗಂಟೆಯ ಲೆಕ್ಕ ಹಾಕಿದವರು ಹನ್ನೊಂದು ಗಂಟೆ ಕಾಯುತ್ತಾರೆ. ಅದೇ ಗಾಡಿಗೆ 7.4 ಕಿಲೋವ್ಯಾಟಿನ ಸಿಂಗಲ್ ಫೇಸ್ ಕಂಬವೇ ವೇಗ.

ಕೇಬಲ್‌ಗೂ ಮಿತಿ ಇದೆ. ಟೈಪ್ 2 ಪ್ಲಗ್ಗಿನೊಳಗೆ ಒಂದು ರೆಸಿಸ್ಟರ್ ಇರುತ್ತದೆ. 680 ಓಮ್ ಎಂದರೆ 20 ಆಂಪ್ಸ್ ಕೇಬಲ್, 220 ಓಮ್ ಎಂದರೆ 32 ಆಂಪ್ಸ್. ಕಂಬ ಇದನ್ನು ಓದಿಕೊಂಡೇ ಕರೆಂಟ್ ಬಿಡುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು 20 ಆಂಪ್ಸ್ ಕೇಬಲ್ ಕೊಂಡರೆ 32 ಆಂಪ್ಸ್ ಎಳೆಯಬಲ್ಲ ಗಾಡಿ 32 ಆಂಪ್ಸ್ ಕಂಬದಲ್ಲಿ ಪ್ರತಿ ಸಲ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ.

ಡಿಸಿಯಲ್ಲಿ ಲೆಕ್ಕವೇ ಬೇರೆ. ಹಳೆಯ 50 ಕಿಲೋವ್ಯಾಟ್ ಯಂತ್ರಗಳಲ್ಲಿ ಹೆಚ್ಚಿನವು 125 ಆಂಪ್ಸ್‌ಗಿಂತ ಹೆಚ್ಚು ಕೊಡುವುದಿಲ್ಲ. ಬ್ಯಾಟರಿ 350 ವೋಲ್ಟ್‌ನಲ್ಲಿದ್ದರೆ 125ರಿಂದ ಗುಣಿಸಿ: 44 ಕಿಲೋವ್ಯಾಟ್ ಕೂಡ ಪೂರ್ತಿ ಆಗುವುದಿಲ್ಲ. ಇದು ದೋಷವಲ್ಲ, ಆ ಯಂತ್ರದ ಮಿತಿ. 800 ವೋಲ್ಟ್ ಬ್ಯಾಟರಿಯ ಗಾಡಿಯವರು ಯಂತ್ರದ ಲೇಬಲ್ಲಿನಲ್ಲಿ ಗರಿಷ್ಠ ಔಟ್‌ಪುಟ್ ವೋಲ್ಟೇಜ್ ಓದಬೇಕು. 500 ವೋಲ್ಟ್ ಎಂದಿದ್ದರೆ, ಗಾಡಿಯಲ್ಲಿ ವೋಲ್ಟೇಜ್ ಏರಿಸುವ ವ್ಯವಸ್ಥೆ ಇಲ್ಲದಿದ್ದರೆ, ಚಾರ್ಜ್ ಶುರುವೇ ಆಗುವುದಿಲ್ಲ.

ಎರಡು ಗನ್‌ನ 60 ಕಿಲೋವ್ಯಾಟ್ ಯಂತ್ರ ಸಣ್ಣ ಊರುಗಳಲ್ಲಿ ಸಾಮಾನ್ಯ. ಪಕ್ಕದ ಗನ್‌ಗೆ ಇನ್ನೊಂದು ಗಾಡಿ ಬಂದರೆ ಹೆಚ್ಚಿನವು 30–30 ಎಂದು ಹಂಚುತ್ತವೆ. ಇನ್ನು ಯಾರೂ ಇಲ್ಲದಿದ್ದರೂ 60ರ ಯಂತ್ರ ಸದಾ 30ರಲ್ಲೇ ಓಡುತ್ತಿದೆ ಎಂದರೆ ಒಳಗಿನ ಪವರ್ ಮಾಡ್ಯೂಲ್ ಸತ್ತಿರಬಹುದು. ಡಿಸಿ ಯಂತ್ರವೆಂದರೆ ಒಂದೇ ದೊಡ್ಡ ಚಾರ್ಜರ್ ಅಲ್ಲ. 15, 20 ಅಥವಾ 30 ಕಿಲೋವ್ಯಾಟಿನ ಪೆಟ್ಟಿಗೆಗಳನ್ನು ಜೋಡಿಸಿ ಅದನ್ನು ಮಾಡಿರುತ್ತಾರೆ. ಒಂದು ಕೆಟ್ಟರೂ ಉಳಿದವು ನಡೆಯುತ್ತವೆ, ಸ್ಕ್ರೀನ್ ಮೇಲೆ ಹಲವೊಮ್ಮೆ ಯಾವ ದೋಷವೂ ಕಾಣಿಸುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಮಾತ್ರ ನಿಧಾನವಾಗುವ ಯಂತ್ರದಲ್ಲಿ ಸಾಮಾನ್ಯವಾಗಿ ಗಾಳಿ ಫಿಲ್ಟರ್ ಧೂಳಿನಿಂದ ಕಟ್ಟಿರುತ್ತದೆ. ಒಳಗಿನ ಬಿಸಿ ಹೊರಹೋಗದೆ ಅದು ತಾನೇ ಶಕ್ತಿ ಇಳಿಸುತ್ತದೆ. ಅಂಥಲ್ಲಿಗೆ ಬೆಳಿಗ್ಗೆ ಬೇಗ ಹೋಗುವುದು ಲೇಸು.

3. ಯಂತ್ರಕ್ಕೆ ಜೀವ ಇದೆಯೇ ಎಂದು ಪತ್ತೆಮಾಡುವುದು

ಆ್ಯಪಿನಲ್ಲಿ ಹಸಿರು ಬಣ್ಣ, ‘ಅವೈಲಬಲ್’ ಎಂಬ ಮಾತು ಕಂಡರೆ ಅರ್ಥ ಇಷ್ಟೇ: ಯಂತ್ರ ಇಂಟರ್ನೆಟ್ ಮೂಲಕ ಸರ್ವರ್‌ಗೆ ‘ನನಗೆ ತಿಳಿದಂತೆ ನಾನು ಸರಿಯಾಗಿದ್ದೇನೆ’ ಎಂದು ಹೇಳಿದೆ. ಗನ್ನಿನ ಲಾಕ್ ಮುರಿದಿರುವುದು, ಪಿನ್ ಸುಟ್ಟಿರುವುದು, ಮುಂದೆ ಲಾರಿ ನಿಂತಿರುವುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗೆಯೇ ‘ಆಫ್‌ಲೈನ್’ ಎಂದಿದ್ದರೆ ಯಂತ್ರ ಕೆಟ್ಟಿದೆ ಎಂದೂ ಅಲ್ಲ. ಸಿಮ್‌ಗೆ ಸಿಗ್ನಲ್ ಇಲ್ಲದಿರಬಹುದು. ಆಗ ಮೊಬೈಲ್ ಆ್ಯಪಿನಿಂದ ಚಾರ್ಜ್ ಶುರುವಾಗುವುದಿಲ್ಲ, ಏಕೆಂದರೆ ‘ಶುರುಮಾಡು’ ಎಂಬ ಆಜ್ಞೆ ಸರ್ವರ್‌ನಿಂದಲೇ ಬರಬೇಕು. ಆರ್‌ಎಫ್‌ಐಡಿ ಕಾರ್ಡ್ (ಯಂತ್ರಕ್ಕೆ ತಾಗಿಸಿ ಗುರುತು ತೋರಿಸುವ ಕಾರ್ಡ್) ಇದ್ದರೆ ಕೆಲವೊಮ್ಮೆ ಶುರುವಾಗುತ್ತದೆ, ಯಂತ್ರದ ನೆನಪಿನಲ್ಲಿ ಆ ಕಾರ್ಡಿನ ಗುರುತು ಮೊದಲೇ ಉಳಿದಿದ್ದರೆ. ಸಿಗ್ನಲ್ ಸರಿಯಿಲ್ಲದ ದಾರಿಯಲ್ಲಿ ಹೋಗುವವರು ಕಾರ್ಡ್ ತರಿಸಿಟ್ಟುಕೊಳ್ಳುವುದಕ್ಕೆ ಇದೇ ಕಾರಣ ಸಾಕು.

ಬಣ್ಣಕ್ಕಿಂತ ಹೆಚ್ಚು ನಂಬಬೇಕಾದದ್ದು ಅಲ್ಲಿ ಚಾರ್ಜ್ ಮಾಡಿದ ಇತರರು ಆ್ಯಪಿನಲ್ಲಿ ಬರೆದ ಅನುಭವ, ಅಂದರೆ ಚೆಕ್‌-ಇನ್. ಮೂರು ಅಂಶ ನೋಡಿ: ಕೊನೆಯ ಯಶಸ್ವಿ ಚಾರ್ಜ್ ಎಂದು ಆಯಿತು, ಯಾವ ಗಾಡಿಗೆ ಆಯಿತು, ಎಷ್ಟು ಕಿಲೋವ್ಯಾಟ್ ಬಂತು. ಎರಡು ವಾರದೊಳಗೆ ನಿಮ್ಮದೇ ಮಾದರಿಯ ಗಾಡಿ ಚಾರ್ಜ್ ಆಗಿದ್ದರೆ ಬಹುತೇಕ ನಿಶ್ಚಿಂತೆ. ಮೂರು ತಿಂಗಳಿಂದ ಯಾರೂ ಏನೂ ಬರೆದಿಲ್ಲವೆಂದರೆ ಆ ಚುಕ್ಕಿಯನ್ನು ಇಲ್ಲ ಎಂದೇ ಇಟ್ಟುಕೊಂಡು ಲೆಕ್ಕ ಹಾಕಿ.

ಆಮೇಲೆ ಫೋನ್ ಮಾಡಿ. “ಚಾರ್ಜರ್ ವರ್ಕ್ ಆಗ್ತಿದೆಯಾ ಸರ್?” ಎಂದು ಕೇಳಿದರೆ “ಇದೆ, ಬನ್ನಿ” ಎಂಬ ಉತ್ತರ ಖಾತ್ರಿ, ಆ ಕಡೆಯವರಿಗೆ ಕಾಣುವುದು ಸ್ಕ್ರೀನ್ ಹೊತ್ತಿಕೊಂಡಿರುವುದು ಮಾತ್ರ. ಹೀಗೆ ಕೇಳಿ:

“ಕೊನೇ ಸಲ ಗಾಡಿ ಚಾರ್ಜ್ ಆಗಿದ್ದು ಯಾವಾಗ ಸರ್, ಇವತ್ತಾ, ನಿನ್ನೆಯಾ?”
“ಎರಡು ಗನ್ನೂ ನಡೀತಿವೆಯಾ, ಒಂದೇನಾ?”
“ಕರೆಂಟ್ ಹೋದ್ರೆ ಜನರೇಟರ್ ಮೇಲೆ ಓಡುತ್ತಾ?”
“ರಾತ್ರಿ ಗೇಟ್ ಎಷ್ಟು ಹೊತ್ತಿಗೆ ಹಾಕ್ತೀರಿ?”
“ನಮ್ಮದು ಬೇರೆ ಕಂಪನಿ ಗಾಡಿ, ಹಾಕೋಕೆ ಬಿಡ್ತೀರಾ?”

ಕೊನೆಯ ಪ್ರಶ್ನೆ ಶೋರೂಮ್ ಆವರಣದ ಚಾರ್ಜರ್‌ಗಳಿಗೆ. ಹಲವು ಕಡೆ ತಮ್ಮ ಕಂಪನಿಯ ಗಾಡಿಗೆ ಮಾತ್ರ, ಅದೂ ಕೆಲಸದ ವೇಳೆಯಲ್ಲಿ ಮಾತ್ರ. ಹೋಟೆಲಿನ ಚಾರ್ಜರ್ ಎಂದರೆ ತಂಗಿದವರಿಗೆ ಮೊದಲು. ಕಚೇರಿಯ ಆವರಣದಲ್ಲಿ ಇರುವುದು ರಜೆಯ ದಿನ ಬೀಗದ ಹಿಂದೆ. ಪೆಟ್ರೋಲ್ ಬಂಕಿನಲ್ಲಿ ಇರುವುದು ಈ ವಿಷಯದಲ್ಲಿ ಎಷ್ಟೋ ವಾಸಿ: ಜನ ಇರುತ್ತಾರೆ, ಬೆಳಕು ಇರುತ್ತದೆ, ಶೌಚಾಲಯವೂ ಇರುತ್ತದೆ.

4. ಎಷ್ಟು ಶೇಕಡಾ ಇಟ್ಟುಕೊಂಡು ತಲುಪಬೇಕು

ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಅವರ್. ಬಳಸಲು ಸಿಗುವ ಬ್ಯಾಟರಿ 40 ಯೂನಿಟ್, ಹೆದ್ದಾರಿಯಲ್ಲಿ 100 ಕಿಲೋಮೀಟರಿಗೆ 16 ಯೂನಿಟ್ ತಿನ್ನುವ ಗಾಡಿ ಎಂದುಕೊಳ್ಳಿ. ಸಣ್ಣ ಊರು 120 ಕಿಲೋಮೀಟರ್ ದೂರ, ಅಲ್ಲಿಂದ ಮುಂದಿನ ಚಾರ್ಜರ್ 45 ಕಿಲೋಮೀಟರ್.

ಲೆಕ್ಕವನ್ನು ಹಿಂದಿನಿಂದ ಹಾಕಬೇಕು. 45 ಕಿಲೋಮೀಟರಿಗೆ 7.2 ಯೂನಿಟ್, ಅಂದರೆ ಶೇ 18. ಅದರ ಮೇಲೆ ಕೈಯಲ್ಲಿರಲಿ ಎಂದು ಶೇ 10. ಹಾಗಾಗಿ ಆ ಊರನ್ನು ಮುಟ್ಟುವಾಗ ಮೀಟರಿನಲ್ಲಿ ಶೇ 28 ಇರಬೇಕು. ಅಲ್ಲಿಯವರೆಗಿನ 120 ಕಿಲೋಮೀಟರಿಗೆ 19.2 ಯೂನಿಟ್, ಶೇ 48. ಕೂಡಿದರೆ ಶೇ 76. ಹೊರಡುವಾಗ ಅದಕ್ಕಿಂತ ಕಡಿಮೆ ಇದ್ದರೆ ಮೊದಲೇ ಎಲ್ಲಾದರೂ ತುಂಬಿಸಿಕೊಳ್ಳಿ. ಮುಂದಿನ ಚಾರ್ಜರ್ ಎಂದರೆ ದಾರಿಯಲ್ಲಿ ಮುಂದೆಯೇ ಇರಬೇಕೆಂದಿಲ್ಲ. ಹಿಂದಕ್ಕೆ 30 ಕಿಲೋಮೀಟರಿನಲ್ಲಿ ನಂಬಿಕಸ್ತ ಚಾರ್ಜರ್ ಇದ್ದರೆ ಅದನ್ನೇ ಲೆಕ್ಕಕ್ಕೆ ಹಿಡಿಯಬಹುದು.

ಕಂಪನಿ ಹೇಳುವ ರೇಂಜ್ ಇಲ್ಲಿ ಬೇಡ. ನಿಮ್ಮ ಗಾಡಿ ಹಿಂದಿನ ಕೆಲವು ಹೆದ್ದಾರಿ ಪ್ರಯಾಣಗಳಲ್ಲಿ ತೋರಿಸಿದ ಸರಾಸರಿಯನ್ನೇ ಬಳಸಿ. ಘಟ್ಟ ಇದ್ದರೆ ಇನ್ನೊಂದು ಲೆಕ್ಕ ಸೇರಿಸಬೇಕು: 1,800 ಕಿಲೋ ತೂಕದ ಗಾಡಿ 1,000 ಮೀಟರ್ ಎತ್ತರ ಏರಲು ಭೌತಶಾಸ್ತ್ರದ ಪ್ರಕಾರವೇ 4.9 ಯೂನಿಟ್ ಬೇಕು, ಮೋಟರಿನ ನಷ್ಟ ಸೇರಿ ಐದೂವರೆ. ನಮ್ಮ 40 ಯೂನಿಟ್ ಬ್ಯಾಟರಿಗೆ ಅದು ಶೇ 14. ಇಳಿಯುವಾಗ ಒಂದಷ್ಟು ವಾಪಸ್ ಬರುತ್ತದೆ, ಆದರೆ ಊರು ಬೆಟ್ಟದ ಮೇಲಿದ್ದರೆ ಆ ವಾಪಸಾತಿ ಹೋಗುವ ದಿನಕ್ಕೆ ಉಪಯೋಗಕ್ಕಿಲ್ಲ. ಕೊರೆಯುವ ಚಳಿಯ ಜಾಗಗಳಲ್ಲಿ ಹೀಟರಿಗೂ ಪಾಲು ತೆಗೆದಿಡಬೇಕು, ಮೇಲಾಗಿ ತಣ್ಣಗಾದ ಬ್ಯಾಟರಿ ಡಿಸಿಯನ್ನು ನಿಧಾನವಾಗಿ ಎಳೆಯುತ್ತದೆ. ಬ್ಯಾಟರಿ ಬಿಸಿಮಾಡುವ ಸೌಲಭ್ಯವಿರುವ ಗಾಡಿಗಳಲ್ಲಿ ಚಾರ್ಜರನ್ನೇ ಗಾಡಿಯ ನ್ಯಾವಿಗೇಶನ್‌ನಲ್ಲಿ ಗುರಿಯಾಗಿ ಹಾಕಿದರೆ ತಲುಪುವ ಮೊದಲೇ ಅದು ತಯಾರಾಗುತ್ತದೆ.

ಮಧ್ಯದಾರಿಯಲ್ಲಿ ಲೆಕ್ಕ ತಪ್ಪುತ್ತಿದೆ ಎನಿಸಿದರೆ ವೇಗ ಇಳಿಸುವುದೇ ಮದ್ದು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 100ರಿಂದ 80ಕ್ಕೆ ಇಳಿದರೆ ಆ ತಡೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಏರ್ ಕಂಡಿಷನರ್ ಆಫ್ ಮಾಡಿ ಬೆವರುವುದರಿಂದ ಸಿಗುವುದು ಅದರ ಮುಂದೆ ಚಿಲ್ಲರೆ.

5. ಮನೆಯಲ್ಲೇ ಮುಗಿಸಬೇಕಾದ್ದು

ಆ ಊರಿನ ಚಾರ್ಜರ್ ನಡೆಸುವ ಕಂಪನಿಯ ಆ್ಯಪ್ ಹಾಕಿಕೊಂಡು, ಒಟಿಪಿ ಮುಗಿಸಿ, ವಾಲೆಟ್ಟಿಗೆ ಹಣ ತುಂಬಿಸಿ. ಇದನ್ನು ಸಿಗ್ನಲ್ ಒಂದು ಕಡ್ಡಿ ಇರುವ ಜಾಗದಲ್ಲಿ, ಹಸಿದ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಮಾಡುವುದು ಬೇಡ. ಡಿಕ್ಕಿಯಲ್ಲಿ ಇರಬೇಕಾದ್ದು: 32 ಆಂಪ್ಸ್ ಟೈಪ್ 2 ಕೇಬಲ್, ಗಾಡಿಯ ಪೋರ್ಟಬಲ್ ಚಾರ್ಜರ್, 2.5 ಚದರ ಮಿಲಿಮೀಟರ್ ತಂತಿಯ ಎಕ್ಸ್‌ಟೆನ್ಶನ್, ಒಣ ಬಟ್ಟೆ, ಟಾರ್ಚ್. ಚಾರ್ಜರ್ ಕಂಪನಿಯ ಸಹಾಯವಾಣಿ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಯಂತ್ರದ ಮೇಲಿನ ಸ್ಟಿಕರ್ ಬಿಸಿಲಿಗೆ ಬೆಳ್ಳಗಾಗಿರುತ್ತದೆ.

6. ಗನ್ ಹಾಕುವಾಗ

ಹಾಕುವ ಮೊದಲು ಗನ್ನಿನ ಮೂತಿಗೆ ಟಾರ್ಚ್ ಬಿಟ್ಟು ನೋಡಿ. ಪಿನ್‌ಗಳ ಸುತ್ತ ಪ್ಲಾಸ್ಟಿಕ್ ಕರಗಿದ್ದರೆ, ಕಪ್ಪಾಗಿದ್ದರೆ, ಆ ಗನ್ ಬೇಡ. ನೀರಿದ್ದರೆ ತಲೆಕೆಳಗು ಮಾಡಿ ಕೊಡವಿ. ಪಿನ್ನಿನೊಳಗೆ ಬಟ್ಟೆ ತುರುಕಬೇಡಿ, ಹೊರಭಾಗ ಮಾತ್ರ ಒರೆಸಿ.

ಸಿಸಿಎಸ್ ಗನ್ ಭಾರ. ಕೇಬಲ್ಲಿನ ತೂಕಕ್ಕೆ ಅದು ಕೆಳಕ್ಕೆ ಜಗ್ಗಿದರೆ ಮೇಲಿನ ಸಣ್ಣ ಪಿನ್‌ಗಳು ಸರಿಯಾಗಿ ಕೂರುವುದಿಲ್ಲ, ಗಾಡಿ ಮತ್ತು ಯಂತ್ರದ ನಡುವಿನ ಮಾತುಕತೆ ಆ ಪಿನ್‌ಗಳ ಮೇಲೆಯೇ ನಡೆಯುವುದು. ಆದ್ದರಿಂದ ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಒಳಗೆ ತಳ್ಳಿ, ಗಾಡಿ ಲಾಕ್ ಮಾಡಿದ ‘ಟಕ್’ ಸದ್ದು ಕೇಳುವವರೆಗೆ ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿಯೇ ಇರಿ. ‘ಚಾರ್ಜರ್ ಕೆಟ್ಟಿದೆ’ ಎಂಬ ದೂರುಗಳಲ್ಲಿ ಎಷ್ಟೋ ಇಷ್ಟರಿಂದಲೇ ಮುಗಿಯುತ್ತವೆ.

ಆಮೇಲೆ ಸ್ಕ್ರೀನ್ ನೋಡಿ. ಮೊದಲು ಮಾತುಕತೆ, ನಂತರ ಕೇಬಲ್ಲಿನ ಇನ್ಸುಲೇಶನ್ ಪರೀಕ್ಷೆ, ಆಮೇಲೆ ಬ್ಯಾಟರಿಯ ವೋಲ್ಟೇಜಿಗೆ ಯಂತ್ರ ತನ್ನ ವೋಲ್ಟೇಜನ್ನು ಸರಿಹೊಂದಿಸುವುದು, ಕೊನೆಗೆ ಕರೆಂಟ್. ಎಲ್ಲಿ ನಿಂತಿತು ಎಂಬುದೇ ಕಾರಣದ ಸುಳಿವು. ಮೊದಲ ಹಂತದಲ್ಲೇ ನಿಂತರೆ ಗನ್ ಸರಿಯಾಗಿ ಕೂತಿಲ್ಲ, ಇಲ್ಲವೇ ಗಾಡಿ–ಯಂತ್ರದ ಸಾಫ್ಟ್‌ವೇರ್ ಹೊಂದುತ್ತಿಲ್ಲ. ಇನ್ಸುಲೇಶನ್ ಅಥವಾ ಐಸೊಲೇಶನ್ ದೋಷ ಎಂದರೆ ಮಳೆಗಾಲದಲ್ಲಿ ಮೊದಲ ಅನುಮಾನ ತೇವ. ಒಣಗಿಸಿ ಮತ್ತೆ ಹಾಕಿ, ಇಲ್ಲವೇ ಇನ್ನೊಂದು ಗನ್. ಶುರುವಾಗಿ ಕೆಲವು ನಿಮಿಷದಲ್ಲಿ ನಿಂತರೆ, ಅದೂ ಸಂಜೆಯ ಹೊತ್ತು, ಲೈನಿನ ವೋಲ್ಟೇಜ್ ಕುಸಿದಿರಬಹುದು. ಉದ್ದದ ಲೈನಿನ ತುದಿಯ ಊರುಗಳಲ್ಲಿ ಎಲ್ಲರ ಮನೆಯ ದೀಪ, ಮೋಟರ್ ಒಟ್ಟಿಗೆ ಓಡುವಾಗ ಇದು ಆಗುತ್ತದೆ. ಆ್ಯಪಿನಲ್ಲಿ ಅಥವಾ ಗಾಡಿಯಲ್ಲಿ ಕರೆಂಟಿನ ಮಿತಿ ಇಳಿಸಲು ಬರುವಂತಿದ್ದರೆ ಇಳಿಸಿ ನೋಡಿ. 30 ಕಿಲೋವ್ಯಾಟಿನಲ್ಲಿ ನಿಲ್ಲದೆ ಓಡುವುದು 60ರಲ್ಲಿ ಮೂರು ಸಲ ಟ್ರಿಪ್ ಆಗುವುದಕ್ಕಿಂತ ಬೇಗ ಮುಗಿಯುತ್ತದೆ.

ಮತ್ತೆ ಪ್ರಯತ್ನಿಸುವ ಕ್ರಮ ಹೀಗಿರಲಿ: ಆ್ಯಪಿನಲ್ಲಿ ಸೆಶನ್ ನಿಲ್ಲಿಸಿ, ಗನ್ ತೆಗೆಯಿರಿ, ಗಾಡಿ ಆಫ್ ಮಾಡಿ ಲಾಕ್ ಮಾಡಿ ಎರಡು ನಿಮಿಷ ಬಿಡಿ, ಮತ್ತೆ ಹಾಕಿ. ಎರಡು ಸಲಕ್ಕೂ ಆಗದಿದ್ದರೆ ಸಹಾಯವಾಣಿಗೆ ಕರೆಮಾಡಿ ದೂರದಿಂದ ರೀಬೂಟ್ ಮಾಡಲು ಹೇಳಿ. ಯಂತ್ರದ ಸಂಖ್ಯೆ, ಗನ್ನಿನ ಸಂಖ್ಯೆ, ಸ್ಕ್ರೀನ್ ಮೇಲಿನ ದೋಷದ ಸಂಖ್ಯೆ ಕೈಯಲ್ಲಿಟ್ಟುಕೊಂಡೇ ಮಾತಾಡಿ. ಸ್ಕ್ರೀನ್ ‘ಎಮರ್ಜೆನ್ಸಿ ಸ್ಟಾಪ್’ ಎನ್ನುತ್ತಿದ್ದರೆ ಬದಿಯ ಕೆಂಪು ಗುಂಡಿ ಯಾರೋ ಒತ್ತಿದ್ದು ಒಳಗೇ ಉಳಿದಿದೆ. ಸುಟ್ಟ ವಾಸನೆ, ಹೊಗೆ, ಮುರಿದ ಭಾಗ ಏನೂ ಇಲ್ಲವೆಂದು ಖಚಿತವಾದ ಮೇಲೆ, ಸಹಾಯವಾಣಿಗೆ ತಿಳಿಸಿಯೇ, ಗುಂಡಿಯನ್ನು ಬಾಣದ ದಿಕ್ಕಿಗೆ ತಿರುಗಿಸಿದರೆ ಹೊರಬರುತ್ತದೆ.

ಗನ್ ಸಿಕ್ಕಿಹಾಕಿಕೊಂಡರೆ ಜಗ್ಗಬೇಡಿ. ಸೆಶನ್ ನಿಂತಿದೆಯೇ ನೋಡಿ, ಕೀಲಿಯಿಂದ ಗಾಡಿ ಅನ್‌ಲಾಕ್ ಮಾಡಿ, ಗನ್ನನ್ನು ಒಳಕ್ಕೆ ಸ್ವಲ್ಪ ಒತ್ತಿ ಆಮೇಲೆ ಎಳೆಯಿರಿ. ಅದಕ್ಕೂ ಬರದಿದ್ದರೆ ಹಲವು ಗಾಡಿಗಳಲ್ಲಿ ಕೈಯಿಂದ ಎಳೆಯುವ ಬಿಡುಗಡೆ ದಾರ ಇರುತ್ತದೆ. ಅದು ಎಲ್ಲಿದೆ ಎಂದು ಮಾಲೀಕರ ಕೈಪಿಡಿಯಲ್ಲಿ ಮನೆಯಲ್ಲಿದ್ದಾಗಲೇ ಓದಿಕೊಳ್ಳಿ.

ಶೇ 80 ದಾಟಿದ ಮೇಲೆ ವೇಗ ಇಳಿಯುತ್ತದೆ. ಹಿಂದೆ ಇನ್ನೊಬ್ಬರು ಕಾಯುತ್ತಿದ್ದರೆ, ಮುಂದಿನ ಹಂತಕ್ಕೆ ಸಾಕಷ್ಟಾಗಿದ್ದರೆ, ಬಿಟ್ಟುಕೊಡಿ.

7. ಚಾರ್ಜರ್ ಸತ್ತೇ ಇದ್ದರೆ

ಲೆಕ್ಕ ಸರಿಯಿದ್ದರೆ ಮುಂದಿನದಕ್ಕೆ ಹೋಗಿ. ರಾತ್ರಿ ಅಲ್ಲೇ ತಂಗುವುದಾದರೆ ಸಾಮಾನ್ಯ ಸಾಕೆಟ್ಟೇ ಸಾಕು, ಅದನ್ನು ಯಾರೂ ಹೀಗಳೆಯಬೇಕಿಲ್ಲ. 230 ವೋಲ್ಟ್ ವ್ಯವಸ್ಥೆಯಲ್ಲಿ 10 ಆಂಪ್ಸ್ ಎಂದರೆ 2.3 ಕಿಲೋವ್ಯಾಟ್; ಹತ್ತು ಗಂಟೆಗೆ ನಷ್ಟ ಕಳೆದು 20 ಯೂನಿಟ್ ಬ್ಯಾಟರಿಗೆ ಇಳಿಯುತ್ತದೆ, ಮೇಲಿನ ಗಾಡಿಗೆ 125 ಕಿಲೋಮೀಟರ್. ತಂಗುವ ಜಾಗದವರಿಗೆ ಮೊದಲೇ ಹೇಳಿ, ಉರಿದ ಯೂನಿಟ್ಟಿಗೆ ಹಣ ಕೊಡುತ್ತೇವೆ ಎಂದೂ ಹೇಳಿ. ಸ್ಕೂಟರ್ ಇದ್ದವರಿಗೆ ಇದೇ ಮೊದಲ ಆಯ್ಕೆ. ಅವರ ಚಾರ್ಜರ್ ಎಳೆಯುವುದು ಕಡಿಮೆ, ಬ್ಯಾಟರಿ ಬಿಚ್ಚುವಂತಿದ್ದರೆ ಕೋಣೆಗೇ ಒಯ್ಯಬಹುದು.

ಅಪಾಯ ಇರುವುದು ಸಾಕೆಟ್ಟಿನ ಹಿಂದಿನ ಸಡಿಲ ಸ್ಕ್ರೂನಲ್ಲಿ. ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ ಓಡುತ್ತದೆ, ಗಾಡಿ ಹತ್ತು ಗಂಟೆ. ಶುರುಮಾಡುವಾಗ 10 ಆಂಪ್ಸ್ ಅಥವಾ ಅದಕ್ಕಿಂತ ಕಡಿಮೆ ಇಡಿ. ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಹೊರಮೈಯನ್ನು ಕೈಯಿಂದ ಮುಟ್ಟಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ತಕ್ಷಣ ನಿಲ್ಲಿಸಿ, ಬೇರೆ ಸಾಕೆಟ್ ಕೇಳಿ. ಎಕ್ಸ್‌ಟೆನ್ಶನ್ ಬಳಸಿದರೆ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿಟ್ಟ ತಂತಿ ತನ್ನ ಬಿಸಿಗೇ ಕರಗಬಹುದು. ಪೋರ್ಟಬಲ್ ಚಾರ್ಜರ್ ಕೆಂಪು ದೀಪ ತೋರಿಸಿ ಅರ್ಥಿಂಗ್ ಇಲ್ಲ ಎಂದರೆ ಅದನ್ನು ವಂಚಿಸುವ ಅಡಾಪ್ಟರ್‌ಗಳ ಸಹವಾಸ ಬೇಡ. ಅರ್ಥಿಂಗ್ ಇಲ್ಲದ ಗಾಡಿಯಲ್ಲಿ ಸೋರಿಕೆಯಾದರೆ ಬಾಗಿಲು ಮುಟ್ಟಿದವರಿಗೆ ಶಾಕ್.

8. ಹೊರಡುವ ಮೊದಲು ಎರಡು ಸಾಲು ಬರೆಯಿರಿ

ಚಾರ್ಜ್ ಆಗಲಿ ಬಿಡಲಿ, ಆ್ಯಪಿನಲ್ಲಿ ಚೆಕ್‌-ಇನ್ ಹಾಕಿ. ‘ಚೆನ್ನಾಗಿದೆ’, ‘ವೇಸ್ಟ್’ ಎಂಬುವುದರಿಂದ ಯಾರಿಗೂ ಉಪಯೋಗವಿಲ್ಲ. ಹೀಗಿರಲಿ: ‘ಎಡಗಡೆಯ ಗನ್, ಶೇ 31ರಿಂದ 78, ಗರಿಷ್ಠ 43 ಕಿಲೋವ್ಯಾಟ್, ಒಬ್ಬನೇ ಇದ್ದೆ. ಬಲಗಡೆ ಗನ್ನಿನ ಲಾಕ್ ಮುರಿದಿದೆ. ಗೇಟ್ ರಾತ್ರಿ 10ಕ್ಕೆ ಹಾಕುತ್ತಾರೆ, ಕಾವಲುಗಾರರನ್ನು ಕರೆದರೆ ತೆಗೆಯುತ್ತಾರೆ.’ ಗಾಡಿಯ ಮಾದರಿ ಸೇರಿಸಿ, ಯಂತ್ರದ ಲೇಬಲ್ಲಿನದು ಒಂದು ಫೋಟೋ, ಒಳಗೆ ಬರುವ ದಾರಿಯದು ಇನ್ನೊಂದು.